ಸೈಕ್ಲಮೆನ್ನಿನ ಬೇಸಗೆಯ ನಿದ್ರೆ

ಚಳಿಗಾಲವೆಲ್ಲ ಕಿಟಕಿಯ ಬಳಿ ಹೂತು ನಿಂತು, ಹೊರಗಿನ ಮಂಜನ್ನೂ ಮಬ್ಬನ್ನೂ ಮರೆಯಿಸಿದ ಸೈಕ್ಲಮೆನ್ ಗಿಡವು, ಏಪ್ರಿಲ್ ಕಾಲಿಡುತ್ತಲೇ ಒಂದೊಂದಾಗಿ ಎಲೆ ಹಳದಿಗಟ್ಟಿ ಬಾಡತೊಡಗಿದಾಗ, ಸಾಕಿದವರ ಮನಸ್ಸಿಗೆ ಮೊದಲು ತೋರುವುದು ಬಾಯಾರಿಕೆಯೇ. ಕೈ ತಾನಾಗಿಯೇ ನೀರಿನ ತಂಬಿಗೆಯತ್ತ ಹೋಗುತ್ತದೆ. ಇಂಗ್ಲೆಂಡಿನಲ್ಲಿದ್ದ ಮೊದಲ ವರ್ಷ ನಾನೂ ಹಾಗೆಯೇ, ಎಲೆ ಬಾಡಿದಷ್ಟೂ ನೀರೆರೆದೆನು. ಮೇ ತಿಂಗಳಲ್ಲಿ ಮಣ್ಣು ಕೆದಕಿ ನೋಡಿದರೆ ಗಡ್ಡೆ ಕೊಳೆತು ಬೆರಳಿಗೆ ಮೆತ್ತಿಕೊಂಡಿತು. ಆ ವ್ಯಥೆ ಇನ್ನೂ ಮಾಸಿಲ್ಲ.

ಅಂಗಡಿಗಳಲ್ಲಿ ಕುಂಡಸಮೇತ ದೊರೆಯುವ ಸೈಕ್ಲಮೆನ್ ಸಾಮಾನ್ಯವಾಗಿ 'ಪರ್ಸಿಕಮ್' ಎಂಬ ಕಾಡುಜಾತಿಯ ಸಂತತಿ. ನಾಮಧೇಯದಲ್ಲಿ ಪಾರಸಿಕ ದೇಶವಿದ್ದರೂ ಅದರ ತೌರು ಅದಲ್ಲ. ತುರ್ಕಿಯ ದಕ್ಷಿಣ ಭಾಗ, ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್, ಸೈಪ್ರಸ್ ಮೊದಲಾದೆಡೆಗಳ ಕಲ್ಲುಗುಡ್ಡಗಳು. ಅಲ್ಲಿ ಮಳೆ ಸುರಿಯುವುದು ಚಳಿಗಾಲದಲ್ಲಿ. ಬೇಸಗೆಯೋ ಬಿರುಬಿಸಿಲಿನ ಒಣಗಾಲ. ಆದುದರಿಂದ ಮಳೆಯಿರುವಾಗ ಎಲೆಯನ್ನೂ ಹೂವನ್ನೂ ತಳೆದು, ತೇವ ಆರುತ್ತಲೇ ಸಕಲ ಸತ್ತ್ವವನ್ನೂ ಗಡ್ಡೆಯೊಳಕ್ಕೆ ಸೆಳೆದುಕೊಂಡು ಸುಪ್ತಾವಸ್ಥೆಗೆ ಸಲ್ಲುವುದು ಅದರ ಜನ್ಮಸಿದ್ಧವಾದ ಕ್ರಮ. ನಮ್ಮ ಹಿತ್ತಿಲ ಸುವರ್ಣಗಡ್ಡೆ ಒಣಗಾಲವನ್ನು ಮಣ್ಣೊಳಗೆ ಕಳೆದು ಮುಂಗಾರಿಗೆ ಮೊಳೆಯುವುದನ್ನು ಕಂಡವರಿಗೆ ಇದು ಹೊಸತಲ್ಲ; ಋತು ಮಾತ್ರ ತಿರುಗುಮುರುಗಾಗಿದೆ.

ಶೀತದೇಶಗಳಲ್ಲಿ ನೆಲೆಸಿ ಈ ಗಿಡವನ್ನು ಸಾಕುತ್ತಿರುವ ವಾಚಕರು ಎಲೆ ಹಳದಿಗಟ್ಟುವ ಹೊತ್ತಿಗೆ ಮಾಡಬೇಕಾದುದೆಂದರೆ, ಕೈಯನ್ನು ಮೆಲ್ಲನೆ ಹಿಂದೆಗೆಯುವುದು. ಬಾಡಿದ ಹೂವನ್ನು ಕತ್ತರಿಸಬಾರದು. ಉಳಿದ ಮೋಟು ಕೊಳೆತು ಬೂದುಬಣ್ಣದ ಬೂಷ್ಟು ಗಡ್ಡೆಗಿಳಿಯುತ್ತದೆ. ತೊಟ್ಟನ್ನು ಬುಡದಲ್ಲಿ ಹಿಡಿದು, ತುಸು ತಿರುಚಿ ಎಳೆದರೆ ಅಂದವಾಗಿ ಕಳಚಿಬರುತ್ತದೆ. ಹಸುರೆಲೆ ಇರುವವರೆಗೆ ಮಿತವಾಗಿ ನೀರು ಕೊಟ್ಟು, ಹಳದಿ ಹೆಚ್ಚಿದಂತೆ ತಗ್ಗಿಸುತ್ತ ಬಂದು, ಕೊನೆಯ ಎಲೆ ಒಣಗಿದ ಬಳಿಕ ಕುಂಡವನ್ನು ಮಳೆ ತಾಗದ ತಂಪಾದ ನೆರಳಿನಲ್ಲಿ ಒರಗಿಸಿ ಮಲಗಿಸಿ, ಎರಡು ಮೂರು ತಿಂಗಳು ಬಹುಮಟ್ಟಿಗೆ ಒಣಗಲಾಗಿಯೇ ಬಿಡಬೇಕು. ಈ ಮರೆವೇ ಆರೈಕೆ. ಸಾಕುವವರಿಗೆ ಇದಕ್ಕಿಂತ ಕಠಿನವಾದ ಕೆಲಸವನ್ನು ನಾನು ಕಾಣೆ.

ಹೂ ಮುಗಿದೊಡನೆ ಗಿಡವನ್ನು ಕಸಕ್ಕೆಸೆದು ಮರುವರ್ಷ ಹೊಸತನ್ನು ಕೊಳ್ಳುವ ರೂಢಿಯನ್ನು ನಾನೆಂದಿಗೂ ಒಪ್ಪಲಾರೆ. ಬೀಜದಿಂದ ಹೂ ಕಾಣಲು ವರ್ಷಕ್ಕೂ ಮಿಕ್ಕಿ ಕಾಲ ಬೇಕಾಗುವ ಈ ಗಿಡದ ಗಡ್ಡೆ, ಮರಿಯೊಡೆಯದೆ, ವರ್ಷ ವರ್ಷಕ್ಕೂ ತಾನೇ ಅಗಲವಾಗುತ್ತ, ಚೆನ್ನಾಗಿ ನೋಡಿಕೊಂಡರೆ ಹತ್ತಾರು ವರ್ಷ ಬಾಳಬಲ್ಲದು. ಗಡ್ಡೆ ಮರಿಯೊಡೆಯದುದರಿಂದ ಸಂತತಿ ಬೀಜದಿಂದಲೇ. ಇದರ ಬಂಧುಗಳಾದ ತೋಟದ ಜಾತಿಗಳಲ್ಲಿ, ಹೂವುದುರಿದ ಮೇಲೆ ತೊಟ್ಟು ಸುರುಳಿ ಸುತ್ತಿ ಕಾಯನ್ನು ನೆಲಕ್ಕೆ ತಂದೊಪ್ಪಿಸುವುದುಂಟು. ಬೀಜಕ್ಕಂಟಿದ ಸಿಹಿಯಂಟನ್ನು ಬಯಸಿ ಇರುವೆಗಳು ಅದನ್ನು ಹೊತ್ತೊಯ್ಯುತ್ತವೆ. ಪರ್ಸಿಕಮ್ಮಿನ ತೊಟ್ಟು ಸುತ್ತದು, ಬಾಗುತ್ತದೆ ಅಷ್ಟೆ.

ಸೆಪ್ಟೆಂಬರಿನ ಸುಮಾರಿಗೆ ಗಡ್ಡೆಯನ್ನು ತೆಗೆದು, ಎಲೆಗೊಬ್ಬರವೂ ಮರಳೂ ಬೆರೆತ ಸಡಿಲ ಮಣ್ಣಿನಲ್ಲಿ, ಅದರ ನೆತ್ತಿ ಮಣ್ಣಿನಿಂದ ಮೇಲೆದ್ದಿರುವಂತೆ ನೆಟ್ಟು, ಕುಂಡವನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇರಿಸಿ, ಮಿಕ್ಕ ನೀರನ್ನು ಚೆಲ್ಲಿಬಿಡಬೇಕು. ನೆತ್ತಿಯ ಮೇಲೆ ಮಾತ್ರ ಹನಿಯೂ ಬೀಳಬಾರದು. ಕೆಲವು ದಿನಗಳಲ್ಲಿಯೇ ಅಲ್ಲಿ ರಾಗಿಕಾಳಿನಷ್ಟು ಕೆಂಪಾದ ಮೊಳಕೆಯೊಂದು ತಲೆಯೆತ್ತುತ್ತದೆ.