ದತ್ತ ಮತ್ತು ಅದತ್ತ: ಸ್ವತಂತ್ರ ಸಂಗೀತವನ್ನು ಹಂಚುವವನ ಧರ್ಮ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವನ್ನು ಕುರಿತು ಉಪದೇಶಿಸುವಾಗ ಸಾಮಾನ್ಯವಾಗಿ ತಕ್ಕಡಿ, ಅಳತೆ, ಲೆಕ್ಕದ ಪುಸ್ತಕ ಇವೇ ಉದಾಹರಣೆಗಳಾಗಿ ಬರುತ್ತವೆ. ವ್ಯಾಪಾರವೇ ವೃತ್ತಿಯಾಗಿದ್ದ ಸಮಾಜಕ್ಕೆ ಇದು ಸಹಜವೇ ಆಗಿತ್ತು. ಆದರೆ ತೂಗಲೂ ಅಳೆಯಲೂ ಬಾರದ ಒಂದು ವಸ್ತು ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಇದೆ. ಅದು ಹಾಡು. ಉತ್ತರ ಕರ್ನಾಟಕದ ಪೇಟೆಗಳಲ್ಲಿ ಕೆಲವು ವರ್ಷಗಳ ಹಿಂದೆ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ನೂರಾರು ಹಾಡುಗಳನ್ನು ತುಂಬಿಸಿಕೊಂಡು ಬರುವುದು ವಾಡಿಕೆಯಾಗಿತ್ತು. ಈಗ ಗಜೇಂದ್ರಗಡದ ಮನೆಯ ಜಗುಲಿಯಲ್ಲಿ ಕುಳಿತ ಯುವಕನು ಜಗತ್ತಿನ ಯಾವ ಮೂಲೆಯ ಹಾಡನ್ನಾದರೂ ತನ್ನ ಫೋನಿಗೆ ಇಳಿಸಿಕೊಳ್ಳಬಲ್ಲನು, ಕ್ಷಣಾರ್ಧದಲ್ಲಿ ನೂರು ಮಂದಿಗೆ ಕಳುಹಿಸಬಲ್ಲನು. ಪಕ್ಕದ ಅಂಗಡಿಯಿಂದ ಒಂದು ಬೆಲ್ಲದ ಉಂಡೆಯನ್ನೂ ಕೇಳದೆ ಎತ್ತಿಕೊಳ್ಳದ ಮನೆತನದ ಮಗನು ಇದನ್ನು ಕಳವೆಂದು ಭಾವಿಸುವುದಿಲ್ಲ. ಅವನ ಭಾವನೆ ಸರಿಯೋ ತಪ್ಪೋ ಎಂಬುದು ವಿಚಾರ ಮಾಡತಕ್ಕ ಸಂಗತಿಯಾಗಿದೆ.

ಈ ವಿಚಾರವು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟುವುದು ಸ್ವತಂತ್ರ ಸಂಗೀತಕ್ಕೆ. ಚಲನಚಿತ್ರದ ಆಶ್ರಯವಾಗಲಿ ದೊಡ್ಡ ಧ್ವನಿಮುದ್ರಣ ಕಂಪನಿಯ ಬಂಡವಾಳವಾಗಲಿ ಇಲ್ಲದೆ, ಹಾಡುವವರು ತಾವೇ ವೆಚ್ಚ ಹೊತ್ತು ಹೊರತರುವ ಹಾಡುಗಳಿಗೆ ಈ ಹೆಸರು ಸಲ್ಲುತ್ತದೆ. ಕನ್ನಡದಲ್ಲಿ ಇದಕ್ಕೆ ಪರಿಚಿತ ನಿದರ್ಶನ ಮೈಸೂರಿನ ರಘು ದೀಕ್ಷಿತ್ ಅವರದು. ಅವರ ಮೊದಲ ಸಂಪುಟವು 2008ರಲ್ಲಿ ಬೆಳಕು ಕಂಡದ್ದು ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರು ಕಟ್ಟಿದ ಸಣ್ಣ ಸಂಸ್ಥೆಯೊಂದರ ಮೂಲಕ. ಚಲನಚಿತ್ರದ ಹಾಡು ಕಳುವಾದರೆ ನಷ್ಟವು ಅನೇಕರಲ್ಲಿ ಹಂಚಿಹೋಗುತ್ತದೆ. ಸ್ವತಂತ್ರ ಹಾಡಿನಲ್ಲಾದರೋ ಬರೆದವನು, ಹಾಡಿದವನು, ಸ್ಟುಡಿಯೋ ಬಾಡಿಗೆ ತೆತ್ತವನು ಅನೇಕ ವೇಳೆ ಒಬ್ಬನೇ ಆಗಿರುತ್ತಾನೆ, ನಷ್ಟವೂ ಅವನೊಬ್ಬನದೇ. ಅದೇ ವೇಳೆಗೆ, ಇಂಥ ಹಾಡಿಗೆ ಜಾಹೀರಾತಿಲ್ಲ. ಕೇಳಿ ಮೆಚ್ಚಿದವನು ಇನ್ನೊಬ್ಬನಿಗೆ ಹೇಳಿದರೆ ಮಾತ್ರ ಅದು ಊರಿಂದ ಊರಿಗೆ ಹೋಗುತ್ತದೆ. ಹಂಚದಿದ್ದರೆ ಹಾಡು ಸಾಯುತ್ತದೆ, ವಿವೇಕವಿಲ್ಲದೆ ಹಂಚಿದರೆ ಹಾಡಿದವನು ಸೊರಗುತ್ತಾನೆ. ಧರ್ಮಸಂಕಟವಿರುವುದು ಇಲ್ಲಿಯೇ.

ಹಣ ಕೊಡದೆ ಕೇಳುವುದೇ ದೋಷವೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಗಜೇಂದ್ರಗಡಕ್ಕೆ ನೆರೆಯ ರೋಣವು ಭೀಮಸೇನ ಜೋಶಿಯವರ ಜನ್ಮಸ್ಥಳ. 1922ರಲ್ಲಿ ಹುಟ್ಟಿದ ಈ ಬಾಲಕನು ಅಂಗಡಿಯೊಂದರಲ್ಲಿ ನುಡಿಯುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮರಿಯ ತಟ್ಟೆಯನ್ನು ಕೇಳಿ ಮೈಮರೆತದ್ದೂ, 1933ರಲ್ಲಿ, ಹನ್ನೊಂದರ ಎಳೆಯ ಪ್ರಾಯದಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟದ್ದೂ, ಕಡೆಗೆ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಪಾದದಡಿ ಕಲಿತದ್ದೂ ಪ್ರಸಿದ್ಧ ಸಂಗತಿ. ಕೇಳಿದ ಬಾಲಕನು ಕಾಸು ಕೊಟ್ಟಿರಲಿಲ್ಲ. ಆದರೂ ಅಲ್ಲಿ ಯಾರ ಸ್ವತ್ತಿಗೂ ಲೋಪ ಬರಲಿಲ್ಲ. ಹಾಡಿದವರು ಯಾರೆಂಬುದು ಮರೆಯಾಗದೆ ಇದ್ದುದರಿಂದಲೇ ಕೇಳಿದವನು ಆ ಪರಂಪರೆಯ ಬಾಗಿಲನ್ನು ಹುಡುಕಿಕೊಂಡು ಹೋಗುವುದು ಸಾಧ್ಯವಾಯಿತು. ಅಕಸ್ಮಾತ್ತಾಗಿ ಕಿವಿಗೆ ಬಿದ್ದ ಒಂದು ಹಾಡು ಒಂದು ಜನ್ಮವನ್ನೇ ತಿದ್ದಬಲ್ಲದು ಎಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷಿ ಈ ಸೀಮೆಯವರಿಗೆ ಬೇಕಿಲ್ಲ. ಆದುದರಿಂದ ಹೊಸ ಸಂಗೀತವನ್ನು ಹುಡುಕಿ ಕೇಳುವ, ಕೇಳಿಸುವ ಹವ್ಯಾಸವನ್ನು ಹಳಿಯುವಂತಿಲ್ಲ. ವಿಮರ್ಶೆಗೆ ಒಳಗಾಗಬೇಕಾದುದು ಅದರ ರೀತಿ.

ಇಂದಿನ ತರುಣರು ಮುಂದಿಡುವ ಒಂದು ವಾದವಿದೆ. ಒಬ್ಬನ ಎತ್ತನ್ನು ಹೊಡೆದುಕೊಂಡು ಹೋದರೆ ಅವನ ಕೊಟ್ಟಿಗೆ ಬರಿದಾಗುತ್ತದೆ. ಹಾಡಿನ ಪ್ರತಿಯನ್ನು ತೆಗೆದುಕೊಂಡರೆ ಮೂಲವು ಇದ್ದಲ್ಲಿಯೇ ಇರುತ್ತದೆ. ಹಾಗಿರುವಾಗ ಅದು ಕಳವು ಹೇಗಾದೀತು? ವಾದವು ಚತುರವಾದುದೇ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸ್ತೇಯದ ಲಕ್ಷಣವನ್ನು ಹೇಳುವಾಗ, ಒಡೆಯನಿಗೆ ಎಷ್ಟು ನಷ್ಟವಾಯಿತೆಂಬ ಲೆಕ್ಕವನ್ನು ಹಿಡಿಯಲಿಲ್ಲ. ಕೊಡದೆ ಇದ್ದುದನ್ನು ಪ್ರಮಾದವಶನಾಗಿ ತೆಗೆದುಕೊಳ್ಳುವುದೇ ಸ್ತೇಯವೆಂದರು. ಅದತ್ತ ಎಂಬ ಒಂದೇ ಶಬ್ದವು ಇಲ್ಲಿ ಒರೆಗಲ್ಲು. ಬೆಲೆ ಇತ್ತೇ ಇಲ್ಲವೇ, ಮೂಲ ಉಳಿಯಿತೇ ಅಳಿಯಿತೇ ಎಂಬ ಪ್ರಶ್ನೆಗಳು ಅನಂತರದವು. ಕೊಟ್ಟಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ.

ಈ ಸೂತ್ರಕ್ಕೆ ವ್ಯಾಖ್ಯಾನ ಬರೆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಒಂದು ಸೂಕ್ಷ್ಮವಾದ ಶಂಕೆಯನ್ನು ಎತ್ತಿ ಪರಿಹರಿಸಿದ್ದಾರೆ. ಭಿಕ್ಷುವು ಊರಿನ ಬೀದಿಗಳಲ್ಲಿ, ಬಾಗಿಲುಗಳಲ್ಲಿ ಸಂಚರಿಸುವಾಗ, ಯಾರೂ ಅವನಿಗೆ ಅವನ್ನು ಕೊಡದಿರುವುದರಿಂದ, ಅದೂ ಅದತ್ತಾದಾನವಾಗುವುದಿಲ್ಲವೆ ಎಂಬುದು ಶಂಕೆ. ಬೀದಿಯೂ ತೆರೆದ ಬಾಗಿಲೂ ಸರ್ವರಿಗೆ ಸಾಮಾನ್ಯವಾಗಿ ಬಿಟ್ಟುಕೊಟ್ಟವು, ಆದುದರಿಂದ ದೋಷವಿಲ್ಲ; ಮುಚ್ಚಿದ ಬಾಗಿಲು ಹಾಗೆ ಬಿಟ್ಟುಕೊಟ್ಟದ್ದಲ್ಲ, ಆದುದರಿಂದ ಭಿಕ್ಷುವು ಅದನ್ನು ಪ್ರವೇಶಿಸುವುದಿಲ್ಲ ಎಂಬುದು ಪರಿಹಾರ. ಸಾವಿರದ ನಾನೂರು ವರ್ಷಗಳಿಗೂ ಹಿಂದಿನ ಈ ವಿವೇಚನೆಯು ಇಂದಿನ ಅಂತರ್ಜಾಲಕ್ಕೆ ಅಕ್ಷರಶಃ ಒಪ್ಪುತ್ತದೆ. ಅಲ್ಲಿ ಬೀದಿಗಳೂ ಇವೆ, ಕದ ಮುಚ್ಚಿದ ಮನೆಗಳೂ ಇವೆ.

ಬೀದಿಗಳು ಯಾವುವು? ಸಂಗೀತಗಾರರೇ ಎಲ್ಲರಿಗೂ ಬಿಟ್ಟುಕೊಟ್ಟ ಹಾಡುಗಳು. 2002ರಲ್ಲಿ ಬಳಕೆಗೆ ಬಂದ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯ ಪದ್ಧತಿಯಲ್ಲಿ ಕರ್ತೃವು ತನ್ನ ಕೃತಿಯನ್ನು ಯಾವ ಷರತ್ತಿನ ಮೇಲೆ ಹಂಚಬಹುದೆಂದು ತಾನೇ ಸಾರುತ್ತಾನೆ. ಹೆಸರು ಹೇಳಬೇಕು, ಲಾಭಕ್ಕಾಗಿ ಬಳಸಕೂಡದು, ರೂಪ ಬದಲಿಸಕೂಡದು ಎಂಬಂಥವು ಆ ಷರತ್ತುಗಳು. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯು ಅದೇ ವರ್ಷ ಆರಂಭಿಸಿದ ಕಚೇರಿಗಳ ಸಂಗ್ರಹದಲ್ಲಿ ಒಪ್ಪಿಗೆ ಕೊಟ್ಟ ತಂಡಗಳ ಧ್ವನಿಮುದ್ರಣಗಳನ್ನೇ ಇಡುವ ನಿಯಮವಿದೆ. ಇಂಗ್ಲೆಂಡಿನ ರೇಡಿಯೋಹೆಡ್ ತಂಡವು 2007ರಲ್ಲಿ ತನ್ನ ಹೊಸ ಸಂಪುಟವನ್ನು ಅಂತರ್ಜಾಲದಲ್ಲಿ ಇರಿಸಿ, ಕೇಳುಗರು ಮನಸ್ಸಿಗೆ ಬಂದಷ್ಟು ಕೊಡಬಹುದು, ಏನನ್ನೂ ಕೊಡದೆಯೂ ಇಳಿಸಿಕೊಳ್ಳಬಹುದು ಎಂದಿತು. ಹರಿಕಥೆಯ ಕೊನೆಯಲ್ಲಿ ತಟ್ಟೆ ಬರುವ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸತಾಗಿ ತೋರಲಾರದು. 2008ರಲ್ಲಿ ಹುಟ್ಟಿದ ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿಯೂ ಬೆಲೆಯನ್ನು ಕಲಾವಿದರೇ ಗೊತ್ತುಮಾಡುತ್ತಾರೆ. ಸೊನ್ನೆಯೆಂದು ಗೊತ್ತುಮಾಡಿದವರೂ ಇದ್ದಾರೆ. ಇವೆಲ್ಲ ದತ್ತವಾದ ಹಾಡುಗಳು. ಇವನ್ನು ಬಿಡಿಗಾಸಿಲ್ಲದೆ ಇಳಿಸಿಕೊಂಡರೂ ಶ್ರಾವಕನ ವ್ರತಕ್ಕೆ ಕುಂದಿಲ್ಲ. ಅದಕ್ಕೆ ವಿರುದ್ಧವಾಗಿ, ಮಾರಾಟಕ್ಕೆ ಇಟ್ಟ ಸಂಪುಟವನ್ನು ಯಾರೋ ಬೀಗ ಮುರಿದು ಬೇರೆಡೆ ಹರಡಿದ್ದರೆ, ಅದು ಪುಕ್ಕಟೆಯಾಗಿ ದೊರೆತ ಮಾತ್ರಕ್ಕೆ ದತ್ತವಾಗುವುದಿಲ್ಲ.

ತೆಗೆದುಕೊಳ್ಳುವವನ ಮಾತು ಇಷ್ಟಾದರೆ ಹಂಚುವವನ ಹೊಣೆ ಇನ್ನೂ ದೊಡ್ಡದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಇಟ್ಟದ್ದಾಗಲಿ ಬಿದ್ದದ್ದಾಗಲಿ ಮರೆತದ್ದಾಗಲಿ, ಕೊಡದ ಪರಸ್ವತ್ತನ್ನು ತಾನು ತೆಗೆದುಕೊಳ್ಳದಿರುವುದಷ್ಟನ್ನೇ ಅಚೌರ್ಯಾಣುವ್ರತವೆನ್ನಲಿಲ್ಲ. ಅದನ್ನು ಇನ್ನೊಬ್ಬರಿಗೆ ಕೊಡದಿರುವುದನ್ನೂ ಸೇರಿಸಿದರು. ಈ ಎರಡನೆಯ ಅರ್ಧವನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. ಪರರ ಹಾಡನ್ನು ನೂರು ಮಂದಿಗೆ ಕಳುಹಿಸಿ ಉದಾರಿಯೆನಿಸಿಕೊಳ್ಳುವವನು ಪರರ ಗಂಟಿನಿಂದ ದಾನ ಮಾಡಿದವನಾಗುತ್ತಾನೆ. ತತ್ತ್ವಾರ್ಥಸೂತ್ರವು ಹೇಳುವ ಈ ವ್ರತದ ಐದು ಅತಿಚಾರಗಳೂ ಇಲ್ಲಿ ಕಾಣಬರುತ್ತವೆ. ಹೇಗೆ ಕದಿಯಬಹುದೆಂದು ಗೆಳೆಯರಿಗೆ ದಾರಿ ತೋರಿಸುವುದು ಸ್ತೇನಪ್ರಯೋಗ. ಕದ್ದು ತಂದುದನ್ನು ತಿಳಿದೂ ಸ್ವೀಕರಿಸುವುದು ತದಾಹೃತಾದಾನ. 1957ರ ಕೃತಿಸ್ವಾಮ್ಯ ಕಾಯಿದೆಯಂಥ ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಸಾವಿರ ಜನ ಕೇಳಿದುದನ್ನು ಲಕ್ಷವೆಂದು ತೋರಿಸಿ ಎಣಿಕೆಯನ್ನು ಉಬ್ಬಿಸುವುದು ಸುಳ್ಳು ಅಳತೆಯ ಹೀನಾಧಿಕಮಾನೋನ್ಮಾನಕ್ಕೆ ಸಮಾನ. ಒಬ್ಬರ ಹಾಡನ್ನು ಇನ್ನೊಬ್ಬರ ಹೆಸರಿನಲ್ಲಿ ಏರಿಸುವುದೂ, ಈಚೆಗೆ ಯಂತ್ರದಿಂದ ಗಾಯಕರ ಕಂಠವನ್ನು ಅನುಕರಿಸಿ ಅವರದೇ ಹಾಡೆಂದು ನಂಬಿಸುವುದೂ ಪ್ರತಿರೂಪಕವ್ಯವಹಾರ. ಹಿತ್ತಾಳೆಯನ್ನು ಬಂಗಾರವೆಂದು ಮಾರುವವನಿಗೂ ಇವನಿಗೂ ಅಂತರವಿಲ್ಲ.

ಹಾಗಾದರೆ ಪ್ರತಿ ಮಾಡಿ ಹಂಚುವುದೇ ವರ್ಜ್ಯವೆ? ಇದಕ್ಕೆ ಉತ್ತರವು ಗದಗ ಜಿಲ್ಲೆಯಲ್ಲಿಯೇ ಇದೆ. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು 1007ರಲ್ಲಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬುದು ಕನ್ನಡ ನಾಡಿಗೆಲ್ಲ ತಿಳಿದ ಸಂಗತಿ. ಆ ಕಾವ್ಯವನ್ನು ಪೊನ್ನನಿಂದ ಬರೆಯಿಸಿದವರು ಆಕೆಯ ತಂದೆ ಮಲ್ಲಪಯ್ಯ ಮತ್ತು ಆತನ ಸಹೋದರ ಪುನ್ನಮಯ್ಯ. ಕವಿಗೆ ಸಲ್ಲಬೇಕಾದ ಮನ್ನಣೆಯು ಮೊದಲೇ ಸಂದಿತ್ತು. ಓಲೆಯ ವೆಚ್ಚವನ್ನೂ ಲಿಪಿಕಾರರ ಕೂಲಿಯನ್ನೂ ಆಕೆಯು ತನ್ನ ಭಂಡಾರದಿಂದ ಕೊಟ್ಟಳು. ಪ್ರತಿಗಳಲ್ಲಿ ಕವಿಯ ಹೆಸರು ಅಳಿಯಲಿಲ್ಲ. ಅಷ್ಟಕ್ಕೇ ನಿಲ್ಲದೆ, ಹಳೆಯ ಕಾವ್ಯವನ್ನು ಹರಡಿದ ಕೈಯಿಂದಲೇ ಹೊಸ ಕವಿಯಾದ ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದಳು. ಶಾಸ್ತ್ರದಾನವು ಪೂರ್ಣವಾಗುವುದು ಹೀಗೆ. ಹಂಚುವವನು ತನ್ನದೇನನ್ನಾದರೂ ವೆಚ್ಚಮಾಡಿರಬೇಕು, ಕರ್ತೃವಿನ ಹೆಸರು ಉಳಿದಿರಬೇಕು, ಮುಂದಿನ ಕೃತಿ ಹುಟ್ಟುವುದಕ್ಕೆ ಅನುಕೂಲವಾಗಿರಬೇಕು. ಅತ್ತಿಮಬ್ಬೆಯ ಒಂದು ಪ್ರತಿಗೆ ಅನೇಕ ದಿನಗಳ ಶ್ರಮ ಬೇಕಾಗಿತ್ತು. ಇಂದಿನ ಸಾವಿರ ಪ್ರತಿಗೆ ಬೆರಳಿನ ಒಂದು ಒತ್ತು ಸಾಕು. ಶ್ರಮವು ಇಳಿದಿರುವಾಗ ವಿವೇಕವು ಏರಬೇಕಾದುದು ನ್ಯಾಯ.

ಹಾಡಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದರೊಳಗೆ ಸಾಹಿತ್ಯ, ಧಾಟಿ, ಧ್ವನಿಮುದ್ರಣ ಎಂದು ಮೂರು ಪದರಗಳುಂಟು. ಭಾರತದ ಕಾಯಿದೆಯಂತೆ ಸಾಹಿತ್ಯದ ಹಕ್ಕು ಕರ್ತೃವಿನ ಆಯುಷ್ಯ ಮುಗಿದ ಮೇಲೆ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದಂದಿನಿಂದ 60 ವರ್ಷ. 1889ರಲ್ಲಿ ಕಾಲವಾದ ಶಿಶುನಾಳ ಶರೀಫರ ತತ್ತ್ವಪದಗಳು ಈಗ ಎಲ್ಲರ ಬೀದಿ. ಭಜನಾಮೇಳದವರೂ ಹಾಡಬಹುದು, ಗಿಟಾರಿನವರೂ ಹಾಡಬಹುದು. ಆದರೆ ಶರೀಫರ ಗುಡಗುಡಿಯ ಪದವನ್ನು ರಘು ದೀಕ್ಷಿತರು ಹಾಡಿ ಮುದ್ರಿಸಿದ ರೂಪವು ಅವರ ಮನೆ, ಅಲ್ಲಿಗೆ ಬಾಗಿಲುಂಟು. ಆ ರೂಪದ ಗುಣದೋಷಗಳನ್ನೂ ಇಲ್ಲಿ ಹೇಳಬಹುದು. ಅದರ ಕಸುವು, ಹಳ್ಳಿಯ ದನಿಯನ್ನು ನಾಚಿಕೆಯಿಲ್ಲದೆ ಎತ್ತಿ ಹಾಡುವ ದಿಟ್ಟತನ ಮೆಚ್ಚತಕ್ಕವು. ಶರೀಫರ ಹೆಸರನ್ನೇ ಕೇಳದ ನಗರದ ತರುಣರನ್ನು ಅದು ಶರೀಫರ ಬಳಿಗೆ ಕರೆತಂದಿತು. ಆದರೆ ಕುಣಿಸುವ ಲಯದ ರಭಸದಲ್ಲಿ ಗುಡಗುಡಿಯ ಹೊಗೆ ಉಳಿದು, ಅದು ಸೂಚಿಸುವ ದೇಹ ಮತ್ತು ಮನಸ್ಸಿನ ಸಾಧನೆ ಹಿಂದೆ ಸರಿಯುವ ಅಪಾಯವೂ ಇದೆ. ತಂಬೂರಿ, ತಾಳಗಳ ನಿಧಾನದಲ್ಲಿ ಒಂದೊಂದು ನುಡಿಯ ನಡುವೆ ಅರ್ಥಕ್ಕೆ ದೊರೆಯುತ್ತಿದ್ದ ಬಿಡುವು ಇಲ್ಲಿ ದೊರೆಯುವುದಿಲ್ಲ. ಇದನ್ನು ಹಂಚುವ ರಸಿಕನು ಹಾಡಿನ ಜೊತೆಗೆ ಪದದ ಅರ್ಥವನ್ನೂ ಎರಡು ಮಾತಿನಲ್ಲಿ ತಿಳಿಸಿದರೆ ಆ ಕೊರತೆಯನ್ನು ತುಂಬಿದವನಾಗುತ್ತಾನೆ.

ಸ್ವತಂತ್ರವೆಂಬ ಮಾತ್ರಕ್ಕೆ ಎಲ್ಲವೂ ಶ್ರವ್ಯವಲ್ಲ ಎಂಬುದನ್ನೂ ಹೇಳಬೇಕು. ಜಾನಪದವೆಂಬ ಹೆಸರಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಇಂದು ನೇರವಾಗಿ ಯೂಟ್ಯೂಬ್ ಸೇರುವ ಹಾಡುಗಳಲ್ಲಿ ಜೀವಂತವಾದ ಆಡುಮಾತೂ ಇದೆ, ಹೆಣ್ಣನ್ನು ಹಗುರವಾಗಿ ಕಾಣುವ ದ್ವಂದ್ವಾರ್ಥವೂ ಇದೆ. ಮನಸ್ಸನ್ನು ಕೆಡಿಸುವುದನ್ನು ಕೇಳುವುದನ್ನು ಸಮಂತಭದ್ರರು ದುಃಶ್ರುತಿಯೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಕರ್ಮಬಂಧವೆಂದು ತಿಳಿದವನು ಮೆಚ್ಚುಗೆಯ ಗುರುತನ್ನು ಒತ್ತುವುದೂ ಅನುಮೋದನೆಯೇ ಎಂಬುದನ್ನು ಮರೆಯಬಾರದು. ಇದರಿಂದ ಸಂಗೀತವೇ ಹೇಯವೆಂದು ತಿಳಿಯುವ ಕಾರಣವಿಲ್ಲ. ಆದಿನಾಥರಿಗೆ ವೈರಾಗ್ಯವು ಮೂಡಿದ್ದು ನೀಲಾಂಜನೆಯ ನೃತ್ಯದ ರಂಗದಲ್ಲಿ.

ಸಂಗ್ರಹದ ಮಿತಿಯೂ ವಿಚಾರಾರ್ಹ. ಭೋಗೋಪಭೋಗ ಪರಿಮಾಣವ್ರತದಲ್ಲಿ ಇಷ್ಟು ದಿನ, ಇಷ್ಟು ಮಾಸವೆಂದು ನಿಯಮ ಮಾಡಿಕೊಳ್ಳಬೇಕಾದ ವಸ್ತುಗಳನ್ನು ಹೆಸರಿಸುವಾಗ ಸಮಂತಭದ್ರರು ಊಟ, ವಾಹನ, ಹೂವು, ತಾಂಬೂಲ, ವಸ್ತ್ರಗಳ ಸಾಲಿನಲ್ಲಿ ಸಂಗೀತವನ್ನೂ ಗೀತವನ್ನೂ ಸ್ಪಷ್ಟವಾಗಿ ಸೇರಿಸಿದ್ದಾರೆ. ಹತ್ತು ಸಾವಿರ ಹಾಡುಗಳನ್ನು ತುಂಬಿಟ್ಟುಕೊಂಡು ಹತ್ತನ್ನೂ ಮನಸ್ಸಿಟ್ಟು ಕೇಳದವನು ಪರಿಗ್ರಹಿಯೇ ಹೊರತು ರಸಿಕನಲ್ಲ. ತಿಂಗಳಿಗೆ ನಾಲ್ಕು ಹೊಸ ಹಾಡುಗಳೆಂದು ನಿಯಮಿಸಿಕೊಂಡವನು ಅವನ್ನು ಪೂರ್ತಿ ಕೇಳಿಯಾನು, ಹಾಡಿದವರ ಹೆಸರನ್ನು ತಿಳಿದಾನು, ಅವುಗಳಲ್ಲಿ ಒಂದನ್ನು ತಕ್ಕವರಿಗೆ ದಾಟಿಸಿಯಾನು.

ಬಡ ವಿದ್ಯಾರ್ಥಿಯು ಹಣವನ್ನು ಎಲ್ಲಿಂದ ತರಬೇಕೆಂಬ ಆಕ್ಷೇಪವು ಉಳಿಯುತ್ತದೆ. ಅದನ್ನು ಲಘುವಾಗಿ ಕಾಣಬಾರದು. ಆದರೆ ದತ್ತವಾದ ಸಂಗೀತವು ಒಂದು ಆಯುಷ್ಯಕ್ಕೆ ಸಾಲದಷ್ಟು ಅಲ್ಪವಾಗಿಲ್ಲ. ಅಲ್ಲದೆ ಹಾಡಿದವರಿಗೆ ಸಲ್ಲಬೇಕಾದುದೆಲ್ಲ ಹಣವೇ ಅಲ್ಲ. ಹಾಡಿನ ಕಡತವನ್ನು ಕಳುಹಿಸುವ ಬದಲು ಕಲಾವಿದರ ಸ್ವಂತ ತಾಣದ ದಾರಿಯನ್ನು ಕಳುಹಿಸುವುದಕ್ಕೆ ಕಾಸು ಬೇಕಿಲ್ಲ. ಬರೆದವರು, ಹಾಡಿದವರು, ನುಡಿಸಿದವರು ಯಾರೆಂದು ಒಂದು ಸಾಲು ಸೇರಿಸುವುದಕ್ಕೂ ಬೇಕಿಲ್ಲ. ಉಳ್ಳವರು ಒಂದು ಸಂಪುಟವನ್ನು ಕೊಂಡು ಮನೆಮಂದಿಯೊಡನೆ ಕುಳಿತು ಕೇಳಬಹುದು. ಮಹಾವೀರ ಜಯಂತಿಯ ಕಾರ್ಯಕ್ರಮಕ್ಕೆ ಅಂಥ ಕಲಾವಿದರನ್ನು ಕರೆಯಿಸಿ ಯೋಗ್ಯ ಸಂಭಾವನೆ ಕೊಡಬಹುದು. ಲೆಕ್ಕದ ಪುಸ್ತಕದಲ್ಲಿ ಒಂದು ಕಾಸಿನ ತಪ್ಪನ್ನೂ ಸಹಿಸದ ಹಿರಿಯರು ಮಕ್ಕಳ ಫೋನಿನಲ್ಲಿರುವ ಹಾಡುಗಳ ಬಗೆಗೆ, ಗದರಿಸದೆ, ಇದನ್ನು ಕೊಟ್ಟವರು ಯಾರು ಎಂದು ಒಮ್ಮೆ ಕೇಳಲಿ. ಉತ್ತರ ಹುಡುಕುತ್ತ ಹೋಗುವ ಮಗುವಿಗೆ ಹಾಡಿದವರ ಪರಿಚಯವಾಗುತ್ತದೆ, ವ್ರತದ ಅರ್ಥವೂ ತಿಳಿಯುತ್ತದೆ.