ಚೊಗರಿನ ಪದರ

ಚನ್ನಗಿರಿ ಕಡೆಯ ಕಣದಲ್ಲಿ ಒಣಗಿದ ರಾಶಿ ಅಡಿಕೆಯೊಂದನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿಯಿರಿ. ಕಡುಗೆಂಪು ಮೈ, ಸುಕ್ಕಿನ ಏಣುಗಳ ಮೇಲೆ ತೆಳು ಹೊಳಪು. ಅದು ಚೊಗರು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಂತೆಲ್ಲ ನೀರಿಗೆ ಟ್ಯಾನಿನ್ ಇಳಿಯುತ್ತದೆ. ಆ ನೀರನ್ನೇ ಕುದಿಸಿ ಗಟ್ಟಿ ಮಾಡಿ ಮುಂದಿನ ಅಡಿಕೆಗೆ ಬಣ್ಣ ಕಟ್ಟುತ್ತಾರೆ. ಅಡಿಕೆ ಬಿಟ್ಟದ್ದನ್ನೇ ಅಡಿಕೆಗೆ ಹೊದಿಸುವ ಈ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ. ಹೊನ್ನಾಳಿ, ನ್ಯಾಮತಿಯ ಒಲೆಗಳ ಮುಂದೆಯೂ ಚೊಗರಿನ ಹದ ಹೇಳುವುದು ಪಳಗಿದ ಕಣ್ಣೇ.

ಆ ಕಣ್ಣಿಗೆ ದಕ್ಕದ್ದನ್ನು ರಾಸಾಯನಿಕ ಚಿತ್ರಣ ಹಿಡಿಯಬಲ್ಲದು. ಮೇಲ್ಮೈಯ ಒಂದೊಂದು ಚುಕ್ಕೆಯಿಂದಲೂ ರೋಹಿತ ಪಡೆದು, ಎಲ್ಲಿ ಯಾವ ವಸ್ತುವಿದೆ ಎಂಬ ನಕ್ಷೆ ಬರೆಯುವ ವಿದ್ಯೆ ಇದು. ಎಕ್ಸ್‌-ರೇ ಪ್ರತಿದೀಪ್ತಿ ಇಡೀ ಅಡಿಕೆಯ ಮೇಲೆ ಕಬ್ಬಿಣ ಎಲ್ಲೆಲ್ಲಿದೆ ಎಂದು ತೋರಿಸುತ್ತದೆ. ಅತಿಗೆಂಪು ಸೂಕ್ಷ್ಮದರ್ಶಕ ಸುಮಾರು 10 ಮೈಕ್ರಾನ್‌ಗೆ ಇಳಿಯುತ್ತದೆ. ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವನ್ನು ಆಧರಿಸಿದ ಸೂಕ್ಷ್ಮದರ್ಶಕ ಸುಮಾರು 1 ಮೈಕ್ರಾನ್‌ವರೆಗೂ ಹೋಗುತ್ತದೆ. ಕಂದು ಟ್ಯಾನಿನ್ ಹಸಿರು ಲೇಸರಿಗೆ ತಾನೇ ಬೆಳಗಿ ರಾಮನ್ ಸಂಕೇತವನ್ನು ಮುಳುಗಿಸಬಹುದು. ಅದಕ್ಕೇ ಇಂಥಲ್ಲಿ 785 ನ್ಯಾನೋಮೀಟರ್ ಲೇಸರ್ ಒಳ್ಳೆಯದು.

ಬಣ್ಣಕ್ಕೆಂದು ಯಾರಾದರೂ ರೆಡ್ ಆಕ್ಸೈಡ್ ಬಳಿದಿದ್ದರೆ, ಬರಿಗಣ್ಣಿಗೆ ಎರಡೂ ಕೆಂಪೇ. ರೋಹಿತದಲ್ಲಿ ಮಾತ್ರ ಚೊಗರಿನ ಪಾಲಿಫೀನಾಲ್ ಬೇರೆ, ಕಬ್ಬಿಣದ ಆಕ್ಸೈಡ್ ಬೇರೆ. ಪ್ರಾಮಾಣಿಕವಾಗಿ ಚೊಗರು ಕಾಯಿಸುವವರ ಪರವಾಗಿ ಇಷ್ಟು ಗಟ್ಟಿ ಸಾಕ್ಷಿ ನುಡಿಯುವ ಪರೀಕ್ಷೆ ಅಡಿಕೆ ಮಂಡಿಯ ಹತ್ತಿರವೇ ಸಿಗುವಂತಾಗಬೇಕು.