ಒಂದೇ ಹಾಡು, ಎರಡು ವಯಸ್ಸು

ಯೂಸುಫ್ ಇಸ್ಲಾಮ್ ಎಂಬ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಿತ. ಖ್ಯಾತಿಯ ತುತ್ತತುದಿಯಲ್ಲಿದ್ದ ಪಾಶ್ಚಾತ್ಯ ಗಾಯಕನೊಬ್ಬ ಇಸ್ಲಾಮ್ ಸ್ವೀಕರಿಸಿದ ಕತೆಯನ್ನು ಭಾಷಣಗಳಲ್ಲಿ ಕೇಳಿ ನಾವು ಹೆಮ್ಮೆಪಟ್ಟಿದ್ದೇವೆ. ಆದರೆ ಅವರ ಒಂದು ಹಾಡನ್ನಾದರೂ ಕಿವಿಗೊಟ್ಟು ಕೇಳಿದ್ದೇವೆಯೇ?

ಗ್ರೀಕ್ ಸೈಪ್ರಿಯಟ್ ತಂದೆ, ಸ್ವೀಡನ್ ಮೂಲದ ತಾಯಿಯ ಮಗನಾಗಿ 1948ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಸ್ಟೀವನ್ ಜಾರ್ಜಿಯು, ಹದಿಹರೆಯದಲ್ಲೇ ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಿನ ಪಾಪ್ ತಾರೆಯಾದರು. ಅಷ್ಟರಲ್ಲಿ ಕ್ಷಯರೋಗ ತಗುಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಎದ್ದು ಬಂದವರು ವಾದ್ಯವೃಂದದ ಅಬ್ಬರವನ್ನು ಬದಿಗಿಟ್ಟು ಗಿಟಾರಿನ ಸರಳತೆಗೆ ಒಲಿದರು. 1970ರ 'ಟೀ ಫಾರ್ ದ ಟಿಲ್ಲರ್‌ಮನ್' ಆ ಬದಲಾವಣೆಯ ಫಲ.

ಅದರಲ್ಲಿರುವ 'ಫಾದರ್ ಆ್ಯಂಡ್ ಸನ್' ತಂದೆ ಮಗನ ಸಂವಾದ. ನೆಲೆ ನಿಲ್ಲು ಎನ್ನುವ ತಂದೆಗೆ ತಗ್ಗಿದ ದನಿ, ಹೊರಡಲೇಬೇಕೆನ್ನುವ ಮಗನಿಗೆ ಏರಿದ ದನಿ. ಎರಡನ್ನೂ ಹಾಡಿದ್ದು ಇಪ್ಪತ್ತೆರಡರ ಯುವಕ. ಹಾಡು ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ಅದೇ ಅದರ ಶಕ್ತಿ.

1977ರಲ್ಲಿ ಅವರು ಇಸ್ಲಾಮ್ ಸ್ವೀಕರಿಸಿದರು. ಮರುವರ್ಷದ ಆಲ್ಬಮ್ಮಿನ ನಂತರ ಹಾಡು ನಿಂತಿತು. ಗಿಟಾರ್‌ಗಳು ದಾನಕ್ಕಾಗಿ ಹರಾಜಾದವು. 1983ರಲ್ಲಿ ಲಂಡನ್‌ನಲ್ಲಿ ಶಾಲೆ ಕಟ್ಟಿದರು. 1989ರಲ್ಲಿ ರಶ್ದಿ ಪ್ರಕರಣದ ಕುರಿತು ಅವರಾಡಿದ ಮಾತುಗಳು ಹಳೆಯ ಅಭಿಮಾನಿಗಳನ್ನು ಘಾಸಿಗೊಳಿಸಿದವು. ತಾವು ಹತ್ಯೆಯನ್ನು ಬೆಂಬಲಿಸಿರಲಿಲ್ಲವೆಂದು ಅವರು ಮತ್ತೆ ಮತ್ತೆ ಹೇಳಿದರೂ ಆ ಕಲೆ ಪೂರ್ತಿ ಅಳಿಯಲಿಲ್ಲ. ಅಭಿಮಾನಿಗಳು ಅವರ ಮೌನವನ್ನು ನಷ್ಟವೆಂದರು, ನಾವು ವಿಜಯವೆಂದೆವು. ಹಾಡನ್ನು ಬಿಟ್ಟವನ ಮನಸ್ಸಿನ ತೊಳಲಾಟವನ್ನು ಇಬ್ಬರೂ ವಿಚಾರಿಸಲಿಲ್ಲ.

ಮುಂದೆ ಮಗನೇ ಮನೆಗೆ ಗಿಟಾರ್ ತಂದ. ತಂದೆಯ ಬೆರಳುಗಳು ತಂತಿಯನ್ನು ಮರೆತಿರಲಿಲ್ಲ. 2006ರಲ್ಲಿ, 28 ವರ್ಷಗಳ ಬಳಿಕ, 'ಆ್ಯನ್ ಅದರ್ ಕಪ್' ಹೊರಬಂತು. ನಂತರದ ಹಾಡುಗಳೆಲ್ಲ ಹಳೆಯವುಗಳ ಎತ್ತರಕ್ಕೇರಿವೆ ಎನ್ನಲಾರೆವು. ಉತ್ತರ ಸಿಕ್ಕವನ ಹಾಡಿಗೆ ಪ್ರಶ್ನೆ ಹೊತ್ತವನ ಹಾಡಿನ ಬಿಗಿ ಬರುವುದು ಕಷ್ಟ. ಕೆಲವೆಡೆ ಉಪದೇಶ ರಾಗವನ್ನು ಮೀರುತ್ತದೆ.

ಆದರೆ 2020ರಲ್ಲಿ ಅವರು ಹಳೆಯ ಆಲ್ಬಮ್ಮನ್ನು ಇಡಿಯಾಗಿ ಮತ್ತೆ ಹಾಡಿದರು. 'ಫಾದರ್ ಆ್ಯಂಡ್ ಸನ್'ನಲ್ಲಿ ತಂದೆಯ ಪಾಲಿಗೆ ಎಪ್ಪತ್ತು ದಾಟಿದವರ ಇಂದಿನ ದನಿ ಇದೆ. ಮಗನ ಪಾಲಿಗೆ 1970ರ ಕಛೇರಿಯೊಂದರಲ್ಲಿ ಧ್ವನಿಮುದ್ರಿಸಿದ ಅವರದೇ ಯೌವನದ ದನಿ. ಅಂದು ನಟಿಸಿದ್ದ ಮುಪ್ಪು ಈಗ ನಿಜವಾಗಿದೆ. ಮನೆಬಿಟ್ಟು ಹೊರಟ ಹುಡುಗನನ್ನು ಅವರು ಗದರಿಸುವುದಿಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ಕ್ಯಾಟ್ ಸ್ಟೀವನ್ಸ್‌ನನ್ನು ಅಳಿಸಿ ಯೂಸುಫ್‌ರನ್ನು ಮಾತ್ರ ಮೆಚ್ಚುವುದು ನಮಗೆ ಸುಲಭವಾಗಿತ್ತು. ಅವರಾದರೋ 2017ರಿಂದ ತಮ್ಮ ಆಲ್ಬಮ್ಮುಗಳ ಮೇಲೆ ಎರಡೂ ಹೆಸರುಗಳನ್ನು ಜೊತೆಯಾಗಿಯೇ ಅಚ್ಚು ಹಾಕಿಸುತ್ತಿದ್ದಾರೆ. ಆ ಹುಡುಗ ಹುಡುಕಿಕೊಂಡು ಹೊರಡದಿದ್ದರೆ ಈ ಹಿರಿಯರು ಎಲ್ಲಿಗೂ ತಲುಪುತ್ತಿರಲಿಲ್ಲ. ಇನ್ನಾದರೂ ನಾವು ಕತೆ ಹೇಳುವುದನ್ನು ತುಸು ನಿಲ್ಲಿಸಿ ಹಾಡು ಕೇಳೋಣ.